ಕೊಡುವವರಿದ್ದಾರೆ, ಪಡೆಯಲು ಬರಬೇಕು

ಬೆಂಗಳೂರಿನ ಒಂದು ವಿಶ್ವವಿದ್ಯಾಲಯಕ್ಕೆ ದೊಡ್ಡ ಮೊತ್ತದ ದೇಣಿಗೆಗಳನ್ನು ತರುವ ವಿಭಾಗದಲ್ಲಿ ನಾನು ಕೆಲಸ ಮಾಡುತ್ತೇನೆ. ಹೀಗೆಂದ ಕೂಡಲೇ ಕೇಳುವವರ ಮುಖದಲ್ಲಿ ಸಣ್ಣದೊಂದು ಮುಜುಗರ ಸುಳಿಯುತ್ತದೆ. ನಮ್ಮ ಸೋದರಮಾವನಂತೂ ನೇರವಾಗಿಯೇ ‘ಅಂದ್ರೆ ದುಡ್ಡು ಕೇಳೋ ಕೆಲಸಾನಾ? ಕಮಿಷನ್ ಎಷ್ಟು ಕೊಡ್ತಾರೆ?’ ಎಂದು ಕೇಳಿದ್ದರು. ಕಮಿಷನ್ ಇಲ್ಲ, ತಿಂಗಳ ಸಂಬಳ ಮಾತ್ರ. ತಂದ ಹಣದಲ್ಲಿ ಶೇಕಡಾವಾರು ಪಾಲು ಪಡೆಯುವುದನ್ನು ಈ ವೃತ್ತಿಯ ಅಂತರರಾಷ್ಟ್ರೀಯ ನೀತಿಸಂಹಿತೆಯೇ ನಿಷೇಧಿಸುತ್ತದೆ. ಇನ್ನು ಕೇಳುವ ಕೆಲಸ ಇಲ್ಲವೆಂದಲ್ಲ. ಆದರೆ ದಾನಿಯ ಎದುರು ಕುಳಿತು ‘ಇಂಥ ಕಾರ್ಯಕ್ಕೆ ತಾವು ಇಷ್ಟು ಕೊಡಬೇಕೆಂದು ಕೋರುತ್ತೇವೆ’ ಎಂದು ಬಾಯಿಬಿಟ್ಟು ಹೇಳುವ ಸಂದರ್ಭಗಳು ಇಡೀ ವರ್ಷದಲ್ಲಿ ಬೆರಳೆಣಿಕೆಯಷ್ಟು. ಉಳಿದ ಸಮಯವೆಲ್ಲ, ಕೊಡುವ ಮನಸ್ಸಿರುವವರ ಹಣವು ಸಂಸ್ಥೆಗೆ ಉಪಯೋಗವಾಗುವ ರೂಪದಲ್ಲಿ, ಕಾನೂನಿಗೆ ಒಪ್ಪುವ ದಾರಿಯಲ್ಲಿ, ಮುಂದಿನ ತಲೆಮಾರಿನವರೂ ಪಾಲಿಸಬಹುದಾದ ಷರತ್ತುಗಳೊಂದಿಗೆ ಒಳಗೆ ಬರುವಂತೆ ನೋಡಿಕೊಳ್ಳುವುದರಲ್ಲೇ ಕಳೆಯುತ್ತದೆ. ನಮ್ಮ ನಾಡಿನಲ್ಲಿ ಕೊಡುವವರಿಗಿಂತ, ಪಡೆಯಲು ಅಣಿಯಾಗಿರುವ ಸಂಸ್ಥೆಗಳೇ ಕಡಿಮೆ ಎಂಬುದು ನನ್ನ ಅಭಿಪ್ರಾಯ.

ಕೊಡುವವರಿಗೆ ಇಲ್ಲಿ ಎಂದೂ ಬರವಿರಲಿಲ್ಲ. 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆಯ ಬೆನ್ನಿಗಿದ್ದದ್ದು ಜಮ್‌ಶೇಟ್‌ಜಿ ಟಾಟಾ ಅವರ ಆಸ್ತಿ ಮತ್ತು ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ಜಮೀನು. ಅಧಿಕೃತ ಹೆಸರಿನಲ್ಲಿ ದಾನಿಯ ಸುಳಿವಿಲ್ಲದಿದ್ದರೂ ಬೆಂಗಳೂರಿನ ಹಳಬರಿಗೆ ಅದು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟೇ. ಹುಬ್ಬಳ್ಳಿ, ಬೆಳಗಾವಿಗಳ ಕಡೆ ಹೋದರೆ ಭೂಮರಡ್ಡಿ, ಲಿಂಗರಾಜ, ರಾಜಾ ಲಖಮಗೌಡ ಎಂದು ಕಾಲೇಜುಗಳ ಹೆಸರುಗಳಲ್ಲೇ ದಾನಿಗಳ ಪಟ್ಟಿ ಸಿಗುತ್ತದೆ. ಈಚಿನ ಮಾತೆಂದರೆ, 2022ರ ಫೆಬ್ರವರಿಯಲ್ಲಿ ಸುಸ್ಮಿತಾ ಮತ್ತು ಸುಬ್ರತೋ ಬಾಗ್ಚಿ ಹಾಗೂ ರಾಧಾ ಮತ್ತು ಎನ್.ಎಸ್. ಪಾರ್ಥಸಾರಥಿ ದಂಪತಿಗಳು ಸೇರಿ ಅದೇ ವಿಜ್ಞಾನ ಸಂಸ್ಥೆಯ ಆವರಣದಲ್ಲಿ 800 ಹಾಸಿಗೆಗಳ ಆಸ್ಪತ್ರೆಗಾಗಿ 425 ಕೋಟಿ ರೂಪಾಯಿ ಘೋಷಿಸಿದರು. ಮರುವರ್ಷ ನಂದನ್ ನಿಲೇಕಣಿಯವರು ತಾವು ಓದಿದ ಬಾಂಬೆ ಐಐಟಿಗೆ 315 ಕೋಟಿ ಕೊಟ್ಟರು. ಪತ್ರಿಕೆಗಳ ತಲೆಬರಹದಲ್ಲಿ ಆ 315 ಕಂಡಿತೇ ಹೊರತು, ಅವರು 1973ರಲ್ಲಿ ಆ ಸಂಸ್ಥೆಗೆ ವಿದ್ಯಾರ್ಥಿಯಾಗಿ ಸೇರಿದ್ದು, ಈ ಕೊಡುಗೆಗೆ ಮೊದಲೇ ಬೇರೆ ಬೇರೆ ಕಾಲದಲ್ಲಿ 85 ಕೋಟಿ ಕೊಟ್ಟಿದ್ದು ಹೆಚ್ಚಿನವರ ಗಮನಕ್ಕೆ ಬರಲಿಲ್ಲ. ನಮ್ಮ ವೃತ್ತಿಯವರ ಕಣ್ಣು ಮೊದಲು ಹೋಗುವುದು ಆ 85ರ ಮೇಲೆ. ಮೊದಲ ಕೊಡುಗೆಯೇ ದೊಡ್ಡ ಕೊಡುಗೆಯಾಗುವುದು ಅಪರೂಪ. ಹಿಂದೆ ಕೊಟ್ಟ ಹಣ ಏನಾಯಿತೆಂದು ಕಣ್ಣಾರೆ ಕಂಡವರೇ ಮುಂದೆ ಕೈ ಬಿಚ್ಚಿ ಕೊಡುತ್ತಾರೆ.

ಆ ಹಣ ಏನಾಗುತ್ತದೆ ಎಂಬುದಕ್ಕೆ ಚಿನ್ನದ ಪದಕಗಳಷ್ಟು ಸ್ಪಷ್ಟವಾದ ಉದಾಹರಣೆ ಮತ್ತೊಂದಿಲ್ಲ. ತಂದೆತಾಯಿಯ ಹೆಸರಿನಲ್ಲಿ ದತ್ತಿ ಇಟ್ಟು, ಘಟಿಕೋತ್ಸವದಲ್ಲಿ ಮೊದಲ ರ‍್ಯಾಂಕಿನವರಿಗೆ ಪದಕ ಕೊಡಿಸುವ ಪದ್ಧತಿ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಬಹಳ ಹಿಂದಿನಿಂದ ಇದೆ. 1990ರಲ್ಲಿ ಒಬ್ಬರು 50,000 ರೂಪಾಯಿ ಇಟ್ಟರು ಎಂದುಕೊಳ್ಳೋಣ. ಆಗ ಹತ್ತು ಗ್ರಾಂ ಚಿನ್ನಕ್ಕೆ ಮೂರು ಸಾವಿರ ಚಿಲ್ಲರೆ. ಬ್ಯಾಂಕಿನ ಬಡ್ಡಿ ಶೇಕಡಾ 10ರ ಆಸುಪಾಸಿನಲ್ಲಿದ್ದು ವರ್ಷಕ್ಕೆ 5,000 ಬರುತ್ತಿದ್ದರೆ, ಪದಕ ಮಾಡಿಸಿ ಉಳಿದದ್ದರಲ್ಲಿ ಪೆಟ್ಟಿಗೆ, ಪ್ರಮಾಣಪತ್ರಗಳ ಖರ್ಚೂ ಕಳೆಯುತ್ತಿತ್ತು. 2025ರಲ್ಲಿ ಹತ್ತು ಗ್ರಾಂ ಚಿನ್ನ ಒಂದು ಲಕ್ಷ ದಾಟಿತು. ಅದೇ 50,000ಕ್ಕೆ ಶೇಕಡಾ 7ರಂತೆ ಬರುವುದು 3,500. ಅದರಲ್ಲಿ ಅರ್ಧ ಗ್ರಾಂ ಚಿನ್ನವೂ ಬಾರದು. ದಾನಿ ತೀರಿಕೊಂಡಿರುತ್ತಾರೆ, ಕರಾರಿನಲ್ಲಿ ಮಾತ್ರ ‘ಚಿನ್ನದ ಪದಕ’ ಎಂದೇ ಇರುತ್ತದೆ, ಚಿನ್ನದ ನೀರು ಕುಡಿಸಿದ ಪದಕ ಕೊಟ್ಟರೆ ವಿದ್ಯಾರ್ಥಿಗೆ ಬೇಸರ. ಇದರಲ್ಲಿ ದಾನಿಯ ತಪ್ಪೇನೂ ಇಲ್ಲ. ಬಡ್ಡಿಯಲ್ಲಿ ಒಂದು ಪಾಲನ್ನು ಪ್ರತಿವರ್ಷ ಅಸಲಿಗೇ ಸೇರಿಸಬೇಕೆಂಬ ಒಂದು ಸಾಲು ಆ ಕರಾರಿನಲ್ಲಿ ಇರಬೇಕಿತ್ತು, ಅದನ್ನು ಬರೆಸುವವರು ಆಗ ಇರಲಿಲ್ಲ.

ಲೆಕ್ಕ ಸರಳ, ಆದರೆ ದಾನಿಗಳ ಮುಂದೆ ಹೇಳುವಾಗ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕಾಗುತ್ತದೆ. ನಮ್ಮಂಥ ಸಂಸ್ಥೆಗಳು ಹಣವನ್ನು ಎಲ್ಲೆಲ್ಲಿ ತೊಡಗಿಸಬಹುದೆಂಬುದನ್ನು ಆದಾಯ ತೆರಿಗೆ ಕಾನೂನೇ ಗೊತ್ತುಮಾಡಿದೆ. ಮಾರುಕಟ್ಟೆಗೆ ಹೋಗಿ ನಮಗೆ ಇಷ್ಟಬಂದ ಕಂಪನಿಯ ಷೇರು ಕೊಳ್ಳುವಂತಿಲ್ಲವಾದ್ದರಿಂದ ದತ್ತಿಯ ದೊಡ್ಡ ಪಾಲು ಬ್ಯಾಂಕ್ ಠೇವಣಿಯಲ್ಲೂ ಸರ್ಕಾರಿ ಸಾಲಪತ್ರಗಳಲ್ಲೂ ಇರುತ್ತದೆ. ಶೇಕಡಾ 7 ಬಂದರೆ ಎರಡೂವರೆಯನ್ನು ಅಸಲಿಗೆ ಸೇರಿಸಿ ನಾಲ್ಕೂವರೆಯನ್ನು ಖರ್ಚು ಮಾಡುವುದು ನಮ್ಮ ರೂಢಿ. ಈಗ ಯಾರಾದರೂ ಒಂದು ಕೋಟಿ ಕೊಟ್ಟು ತಮ್ಮ ತಂದೆಯ ಹೆಸರಿನಲ್ಲಿ ಪ್ರಾಧ್ಯಾಪಕ ಪೀಠ, ಅಂದರೆ ದತ್ತಿಯ ಆದಾಯದಿಂದಲೇ ಸಂಬಳ ಸಲ್ಲುವ ಪ್ರಾಧ್ಯಾಪಕ ಹುದ್ದೆ, ಸ್ಥಾಪಿಸಿ ಎಂದರೆ, ವರ್ಷಕ್ಕೆ ಸಿಗುವುದು ನಾಲ್ಕೂವರೆ ಲಕ್ಷ. ಯುಜಿಸಿ ಶ್ರೇಣಿಯಲ್ಲಿ ಪ್ರಾಧ್ಯಾಪಕರ ಮೂಲವೇತನವೇ ತಿಂಗಳಿಗೆ 1,44,200ರಿಂದ ಆರಂಭವಾಗುತ್ತದೆ. ಭತ್ಯೆಗಳು ಸೇರಿದರೆ ವರ್ಷಕ್ಕೆ 25 ಲಕ್ಷ ದಾಟುತ್ತದೆ. ಅಂದರೆ ನಿಜವಾದ ಪೀಠಕ್ಕೆ ಐದೂವರೆ ಕೋಟಿಯಾದರೂ ಬೇಕು. ಒಂದು ಕೋಟಿ ಕೊಡಲು ಬಂದವರಿಗೆ ‘ಸರ್, ಇದು ಸಾಲದು’ ಎನ್ನುವುದು ಹೇಗೆ? ಹೇಳಲೇಬೇಕು. ಹೇಳದೆ ಪಡೆದುಕೊಂಡು, ವರ್ಷಕ್ಕೊಂದು ದತ್ತಿ ಉಪನ್ಯಾಸ ನಡೆಸಿ, ಅದಕ್ಕೇ ‘ಪೀಠ’ ಎಂದು ಫಲಕ ಹಾಕಿರುವುದು ಎಷ್ಟೋ ಕಡೆ ಇದೆ.

ಕಂಪನಿಗಳ ಹಣದ ವಿಷಯ ಬೇರೆಯೇ. 2013ರ ಕಂಪನಿ ಕಾಯ್ದೆ ಬಂದ ಮೇಲೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 2ನ್ನು ಸಿಎಸ್‌ಆರ್‌ಗೆ, ಅಂದರೆ ಸಾಮಾಜಿಕ ಹೊಣೆಗಾರಿಕೆಯ ಕೆಲಸಗಳಿಗೆ, ಖರ್ಚು ಮಾಡಬೇಕಾಗಿದೆ. ವಿಶ್ವವಿದ್ಯಾಲಯಗಳಿಗೆ ಹಬ್ಬ ಎಂದು ಅನೇಕರು ಭಾವಿಸಿದ್ದರು. ಆದರೆ 2021ರ ಜನವರಿ 22ರಿಂದ ಯಾವುದೇ ಸಂಸ್ಥೆಯ ಮೂಲನಿಧಿಗೆ ಕೊಟ್ಟದ್ದು ಸಿಎಸ್‌ಆರ್ ಖರ್ಚೆಂದು ಲೆಕ್ಕಕ್ಕೆ ಬರುವುದಿಲ್ಲ. ದತ್ತಿ ಇಡಲು ಆ ಹಣ ಒದಗುವುದಿಲ್ಲ. ಯೋಜನೆ ತೋರಿಸಬೇಕು, ಅವಧಿಯೊಳಗೆ ಖರ್ಚು ಮಾಡಿ ವಿನಿಯೋಗ ಪ್ರಮಾಣಪತ್ರ ಕೊಡಬೇಕು. ಫೆಬ್ರವರಿ ಕೊನೆಗೆ ಫೋನು ಮಾಡಿ ‘ಮಾರ್ಚ್ 31ರೊಳಗೆ ಮುಗಿಯೋದು ಏನಾದ್ರೂ ಇದೆಯಾ?’ ಎಂದು ಕೇಳುವ ಅಧಿಕಾರಿಗಳು ನಮಗೆ ಚಿರಪರಿಚಿತರು. ಪ್ರಯೋಗಾಲಯದ ಉಪಕರಣ ಅವರಿಗೆ ಅನುಕೂಲ, ಆ ಉಪಕರಣ ನಡೆಸುವ ತಂತ್ರಜ್ಞನ ಸಂಬಳ ಯಾರಿಗೂ ಬೇಡ.

ಅಮೆರಿಕದಲ್ಲಿರುವ ಹಳೆಯ ವಿದ್ಯಾರ್ಥಿಗಳೊಡನೆ ಮಾತು ಕೊಡುಗೆಯ ಹಂತಕ್ಕೆ ಬಂದಾಗ ನಾವು ಕೇಳುವ ಮೊದಲ ಪ್ರಶ್ನೆ ಮೊತ್ತದ್ದಲ್ಲ, ಪಾಸ್‌ಪೋರ್ಟಿನದು. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆಯಲ್ಲ. ಅಲ್ಲಿನ ಪೌರತ್ವ ಪಡೆದು ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಹಿಡಿದವರು ಕಳಿಸಿದ್ದು ವಿದೇಶಿ ದೇಣಿಗೆ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಇರುವ ಸಂಸ್ಥೆಯೂ ಅದನ್ನು, 2020ರ ತಿದ್ದುಪಡಿಯ ನಂತರ, ಭಾರತೀಯ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಯಲ್ಲೇ ಪಡೆಯಬೇಕು. ಮೈಸೂರಿನಲ್ಲಿ ಹುಟ್ಟಿ ಬೆಳೆದು, ಮನೆಯಲ್ಲಿ ಇಂದಿಗೂ ಕನ್ನಡವನ್ನೇ ಆಡುವವರಿಗೆ ‘ತಮ್ಮದು ವಿದೇಶಿ ಮೂಲದ ಹಣ’ ಎಂದು ವಿವರಿಸುವಾಗ ಅವರ ದನಿ ಸ್ವಲ್ಪ ತಗ್ಗುತ್ತದೆ.

ಇಷ್ಟಾದರೂ ಕೆಲಸದ ಅತ್ಯಂತ ಸೂಕ್ಷ್ಮವಾದ ಭಾಗ ನಿಯಮಗಳದ್ದಲ್ಲ, ಷರತ್ತುಗಳದ್ದು. ಜಯನಗರದ ಒಬ್ಬ ನಿವೃತ್ತ ಎಂಜಿನಿಯರ್ ಮತ್ತು ನಿವೃತ್ತ ಶಿಕ್ಷಕಿಯಾದ ಅವರ ಪತ್ನಿ 60 ಲಕ್ಷ ರೂಪಾಯಿಯ ವಿದ್ಯಾರ್ಥಿವೇತನ ದತ್ತಿ ಇಡಲು ನಿಶ್ಚಯಿಸಿ ನಮ್ಮನ್ನು ಮನೆಗೆ ಕರೆದಿದ್ದರು. ಊಟದ ಮೇಜಿನ ಮೇಲೆ ಪ್ಲಾಸ್ಟಿಕ್ ಹೊದಿಕೆಯ ಫೈಲು. ಒಳಗೆ ಠೇವಣಿ ರಸೀದಿಗಳು ಅವಧಿ ಮುಗಿಯುವ ತಾರೀಖಿನ ಕ್ರಮದಲ್ಲಿ. ‘ನೋಡಮ್ಮಾ, ನಮ್ಮವರ ಮಕ್ಕಳಿಗೆ ಹೋಗ್ಬೇಕು, ಅಷ್ಟೇ’ ಎಂದರು ಯಜಮಾನರು. ‘ನಮ್ಮವರು’ ಎಂದರೆ ಅವರ ಒಳಪಂಗಡ. ನಾನು ತೆರಿಗೆಯ ಮಾತೆತ್ತಿದೆ: ನಿರ್ದಿಷ್ಟ ಜಾತಿಗೋ ಮತಕ್ಕೋ ಮೀಸಲಾದ ದತ್ತಿಗೆ ದಾನಿಗಳಿಗಿರುವ ಆದಾಯ ತೆರಿಗೆ ವಿನಾಯಿತಿ ಸಿಗದು, ಪರಿಶಿಷ್ಟರು, ಹಿಂದುಳಿದ ವರ್ಗದವರು, ಮಹಿಳೆಯರು ಮತ್ತು ಮಕ್ಕಳ ವಿಷಯದಲ್ಲಷ್ಟೇ ಕಾನೂನು ಸಡಿಲಿಕೆ ಕೊಟ್ಟಿದೆ. ನಮ್ಮ ವಿಶ್ವವಿದ್ಯಾಲಯ ಅಂಥ ಷರತ್ತನ್ನು ಹೇಗಿದ್ದರೂ ಒಪ್ಪುತ್ತಿರಲಿಲ್ಲ, ಆದರೆ ಹಿರಿಯರ ಮನೆಯಲ್ಲಿ ಕುಳಿತು ನೀತಿ ಹೇಳುವುದಕ್ಕಿಂತ ಕಾನೂನಿನ ಮೇಲೆ ಭಾರ ಹಾಕುವುದು ಲೇಸು. ಅವರು ಸುಮ್ಮನಾದರು. ಕಾಫಿ ತಂದಿಟ್ಟ ಅವರ ಪತ್ನಿ ‘ನಾನು ಹೈಸ್ಕೂಲಲ್ಲಿ ಪಾಠ ಹೇಳಿದ್ದು ಬರೀ ನಮ್ಮವರಿಗಾ ಏನ್ರೀ?’ ಎಂದು ಕೇಳಿ, ತಾವು ಕೆಲಸ ಮಾಡಿದ ತಾಲ್ಲೂಕಿನ ಹೆಸರು ಹೇಳಿದರು. ಕೊನೆಗೆ ಕರಾರಿನಲ್ಲಿ ಬರೆದದ್ದು: ಆ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ ಓದಿ ಬಂದ, ಕುಟುಂಬದ ಆದಾಯ ಗೊತ್ತುಪಡಿಸಿದ ಮಿತಿಯೊಳಗಿರುವ ವಿದ್ಯಾರ್ಥಿನಿಯರಿಗೆ; ಅರ್ಹರು ಇಲ್ಲದ ವರ್ಷ ಜಿಲ್ಲೆಯ ಇತರ ತಾಲ್ಲೂಕುಗಳವರಿಗೆ; ಕೋರ್ಸೇ ನಿಂತುಹೋದರೆ ದಾನಿಗಳ ಉದ್ದೇಶಕ್ಕೆ ಅತ್ಯಂತ ಸಮೀಪದ ಕೋರ್ಸಿನವರಿಗೆ. ‘ಕೋರ್ಸು ಯಾಕೆ ನಿಲ್ಲುತ್ತೆ?’ ಎಂದು ಯಜಮಾನರು ಆತಂಕದಿಂದ ಕೇಳಿದರು. ಐವತ್ತು ವರ್ಷದಾಚೆಗಿನದನ್ನು ಯಾರು ಬಲ್ಲರು ಎಂದೆ.

ಮೊಮ್ಮಗನಿಗೊಂದು ಸೀಟು ಎಂಬ ಮಾತೂ ಆಗಾಗ ಬರುವುದುಂಟು, ಬಹುಮಟ್ಟಿಗೆ ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ. ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸುವ ಕಾಯ್ದೆ ಕರ್ನಾಟಕದಲ್ಲಿ 1984ರಿಂದಲೂ ಇದೆ. ಪ್ರವೇಶದ ಮಾತು ಬಂದ ದೇಣಿಗೆಯನ್ನು ನಾವು ಮುಂದುವರಿಸುವುದಿಲ್ಲ. ಇದರ ಬಗ್ಗೆ ಹೆಚ್ಚು ಬರೆಯಲು ಏನಿಲ್ಲ.

ಬರೆಯಬೇಕಾದದ್ದು ಒಳಗಿನವರ ಬಗ್ಗೆ. ಒಬ್ಬ ದಾನಿ ‘ಒಂದು ಪುಟದ ಟಿಪ್ಪಣಿ ಕಳಿಸಿ’ ಎಂದರೆ ವಿಭಾಗದ ಮುಖ್ಯಸ್ಥರಿಂದ ಅದನ್ನು ಪಡೆಯಲು ವಾರಗಳು ಹಿಡಿಯುತ್ತವೆ. ಬಂದಾಗ ಅದು ಹದಿನಾಲ್ಕು ಪುಟವಿದ್ದು, ಎಷ್ಟು ಹಣ ಬೇಕೆಂಬುದೊಂದನ್ನು ಬಿಟ್ಟು ಉಳಿದೆಲ್ಲವೂ ಅದರಲ್ಲಿರುತ್ತದೆ. ಕಟ್ಟಡ ಕಟ್ಟಿಸಿಕೊಡುತ್ತೇವೆಂದು ಬಂದವರಿಗೆ ಲಿಫ್ಟಿನ ನಿರ್ವಹಣೆ, ವಿದ್ಯುತ್ ಬಿಲ್ಲು, ಹತ್ತು ವರ್ಷದ ನಂತರದ ಸುಣ್ಣಬಣ್ಣಕ್ಕೂ ಒಂದು ನಿಧಿ ಇಡಿ ಎಂದು ನಾವು ಕೇಳಿದರೆ, ಬಂದ ಲಕ್ಷ್ಮಿಯನ್ನು ಹೊಸಿಲಲ್ಲೇ ತಡೆಯುತ್ತೀರಿ ಎಂದು ನಮ್ಮವರೇ ಮುಖ ಗಂಟಿಕ್ಕುತ್ತಾರೆ. ಶಿಲಾನ್ಯಾಸದ ಫೋಟೋದಲ್ಲಿ ಎಲ್ಲರೂ ಇರುತ್ತಾರೆ, ವರ್ಷಾಂತ್ಯದ ವರದಿ ಬರೆಯಲು ಯಾರೂ ಇರುವುದಿಲ್ಲ.

ಆ ವರದಿಯನ್ನು ಮಾತ್ರ ನಮ್ಮ ಕಚೇರಿ ಬಿಟ್ಟುಕೊಟ್ಟಿಲ್ಲ. ಮೇ 31ರೊಳಗೆ ತೆರಿಗೆ ಇಲಾಖೆಗೆ ದೇಣಿಗೆಗಳ ವಿವರ ಸಲ್ಲಿಸಿ ದಾನಿಗಳಿಗೆ ಪ್ರಮಾಣಪತ್ರ ಕೊಡುವುದು ಹೇಗೂ ಕಡ್ಡಾಯ. ದತ್ತಿ ಇಟ್ಟವರಿಗೆ ಅದಲ್ಲದೆ ಬಂದ ಬಡ್ಡಿ, ಅಸಲಿಗೆ ಸೇರಿಸಿದ್ದು, ಖರ್ಚಾದದ್ದು, ವಿದ್ಯಾರ್ಥಿಗಳ ಪ್ರಗತಿ ಇವಿಷ್ಟನ್ನೂ ಪ್ರತಿವರ್ಷ ಬರೆದು ಕಳಿಸುತ್ತೇವೆ. ಜಯನಗರದ ಎಂಜಿನಿಯರರು ಮೊದಲ ವರದಿ ಕೈಸೇರಿದ ದಿನವೇ ಫೋನು ಮಾಡಿದರು. ವಿದ್ಯಾರ್ಥಿನಿಯರ ವಿಚಾರ ಪತ್ನಿ ಕೇಳುತ್ತಾರೆಂದು ಹೇಳಿ, ತಮ್ಮ ಹಣವನ್ನು ಒಂದೇ ವರ್ಷದ ಅವಧಿಗೆ ಏಕೆ ಇಟ್ಟಿದ್ದೀರಿ, ಬಡ್ಡಿ ಇಳಿಯುವ ಸೂಚನೆ ಇರುವಾಗ ಐದು ವರ್ಷಕ್ಕೆ ಕಟ್ಟಬಾರದಿತ್ತೇ ಎಂದು ವಿಚಾರಿಸಿಕೊಂಡರು. ನಾನು ಹಣಕಾಸು ಅಧಿಕಾರಿಗಳ ಬಳಿ ಹೋದೆ. ಅವರು ಮೊದಲು ಗೊಣಗಿದರು, ಆಮೇಲೆ ಫೈಲು ತರಿಸಿ ನೋಡಿದರು. ಈಗ ನಮ್ಮಲ್ಲಿ ದತ್ತಿಗಳ ಠೇವಣಿ ನವೀಕರಿಸುವ ಮುನ್ನ ಮೂರು ಬ್ಯಾಂಕುಗಳ ದರ ತರಿಸಿ, ಅವಧಿಯನ್ನು ಸಮಿತಿಯ ಮುಂದಿಟ್ಟು ತೀರ್ಮಾನಿಸುತ್ತಾರೆ. ಎಂಜಿನಿಯರರಿಗೆ ಅದರ ನಡಾವಳಿಯ ಪ್ರತಿಯೂ ಬೇಕಂತೆ. ಕೊಡಬಹುದೇ ಎಂದು ಕುಲಸಚಿವರಿಗೆ ಬರೆದಿದ್ದೇನೆ.