ನಾಲ್ಕು ಬೆರಳು ಫೋಮು

ಪಿ.ಟಿ. ಮೇಷ್ಟ್ರು ಅಷ್ಟು ದಪ್ಪ ಇರದಿದ್ದರೆ ನನ್ನ ತಪ್ಪು ಯಾರಿಗೂ ಗೊತ್ತಾಗುತ್ತಲೇ ಇರಲಿಲ್ಲ.

ನಾನಿರೋದು ತಮಿಳುನಾಡಿನ ಗಡಿಯ ತಾಳವಾಡಿಯಲ್ಲಿ. ಸ್ಕೂಲ್ ಸ್ವೆಟರ್ ಹೆಣೆಯುವ ಸಣ್ಣ ಜಾಗ, ಎರಡು ಮಷೀನು, ಓನರ್ ಬಿಟ್ಟರೆ ನಾವು ಮೂರು ಜನ. ಮಷೀನು ಎರಡೂ ಜಪಾನಿನವು, ಸೆಕೆಂಡ್ ಹ್ಯಾಂಡ್. 200 ಸೂಜಿ, ಸೂಜಿಯಿಂದ ಸೂಜಿಗೆ 4.5 ಮಿ.ಮೀ. ಏನಾದರೂ ಸಾಮಾನು ಬೇಕು ಅಂದರೆ ಓನರ್ ದಿಂಬಂ ಘಾಟಿಯನ್ನು ತೋರಿಸುತ್ತಾರೆ. ಕೊಯಮತ್ತೂರಿಂದ ಬರಬೇಕಮ್ಮ, 27 ತಿರುವು ಹತ್ತಬೇಕು, ರಾತ್ರಿ ಲಾರಿ ಬಿಡಲ್ಲ, ಗೊತ್ತಲ್ವಾ? ಗೊತ್ತು. ಆದರೆ ಅವರಿಗೆ ಬೇಕಾದ ಉಲ್ಲನ್ ಮಾತ್ರ ಅದೇ ಘಾಟಿ ಹತ್ತಿ ವಾರ ವಾರ ಬರುತ್ತದೆ.

ಹೀಗಾಗಿ ನಾನೇ ಮಾಡಿಕೊಳ್ಳೋಕೆ ಶುರು ಮಾಡಿದೆ. ಸಂತೆಯಲ್ಲಿ ತಂದ ಸ್ಟೀಲ್ ಫೋರ್ಕಿನ ಹಲ್ಲು ಬಗ್ಗಿಸಿ, ಹಿಡಿಗೆ ಲಾರಿ ನಟ್ಟು ಕಟ್ಟಿದರೆ ಅಂಚಿಗೆ ನೇತುಹಾಕುವ ತೂಕ ಆಯಿತು. ತೂಗಿ ನೋಡಿಯೇ ಕಟ್ಟಿದ್ದೆ. ಇಲ್ಲದಿದ್ದರೆ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಹಿಡಿ ಮುರಿದ ಸೂಜಿಯನ್ನು ಖಾಲಿ ಬಾಲ್‌ಪೆನ್ನಿನೊಳಗೆ ಕೂರಿಸಿ ಗಮ್ ಹಾಕಿದರೆ ಬಿದ್ದ ಕುಣಿಕೆ ಎತ್ತುವ ಕಡ್ಡಿ. ಹಳೇ ಎಕ್ಸ್‌ರೇ ಫಿಲ್ಮಿನಲ್ಲಿ ಸಾಲಿಗೆ 24 ತೂತಿನ ಲೆಕ್ಕದಲ್ಲಿ, ಮಷೀನಿಗೆ ಡಿಸೈನು ಹೇಳುವ ಪಂಚ್ ಕಾರ್ಡು. ಯಾರದೋ ಮುರಿದ ಮೊಣಕಾಲಿನ ಮೇಲೆ ಹೂವಿನ ಡಿಸೈನು! ಎಲ್ಲವೂ ಚೆನ್ನಾಗಿ ಕೆಲಸ ಮಾಡಿದವು. ತೊಂದರೆ ಶುರುವಾಗಿದ್ದೇ ಅಲ್ಲಿಂದ. ನಾನು ಮುಟ್ಟಿದ್ದೆಲ್ಲ ಸರಿಯಾಗುತ್ತದೆ ಅಂತ ತಲೆಗೆ ಹತ್ತಿಬಿಟ್ಟಿತು.

ಜೂನ್‌ನಲ್ಲಿ ಒಂದನೇ ಮಷೀನಿನ ಸ್ಪಂಜ್ ಬಾರ್, ಅಂದರೆ ಸೂಜಿಗಳನ್ನು ಮೇಲಿಂದ ಒತ್ತಿ ಹಿಡಿಯುವ ಸ್ಪಂಜಿನ ಪಟ್ಟಿ, ಚಪ್ಪಟೆಯಾಯಿತು. ಸೂಜಿಗಳು ತಾವು ಸಾಲಾಗಿ ಕೂರುವ ಬೆಡ್ಡಿನ ಮೇಲೆ ನಿಲ್ಲದೆ ತಲೆ ಎತ್ತುತ್ತಿದ್ದವು. ಹೊಸ ಬಾರ್ ಕೇಳಿದರೆ ಮತ್ತೆ ಅದೇ ಘಾಟಿ. ನಾನು ಚಾಮರಾಜನಗರಕ್ಕೆ ಹೋಗಿ, ಕಿಟಕಿ ಸಂದಿಗೆ ಅಂಟಿಸುವ ಫೋಮ್ ಟೇಪು ತಂದೆ. ಪಟ್ಟಿಯಲ್ಲಿದ್ದ ಹಳೇ ಸ್ಪಂಜನ್ನೆಲ್ಲ ಕೆರೆದು, ಸೀಮೆಎಣ್ಣೆಯಲ್ಲಿ ಒರೆಸಿ, ಟೇಪು ಅಂಟಿಸುತ್ತಾ ಹೋದೆ. ಕೊನೆಗೆ ನೋಡಿದರೆ ನಾಲ್ಕು ಬೆರಳಷ್ಟು ಸಾಲದು.

ಇನ್ನೊಂದು ತುಂಡು ತರಬಹುದಿತ್ತು. ಒಂದು ಬಸ್ಸಿನ ದಾರಿ. ಬದಲಿಗೆ ಅರ್ಧದಷ್ಟು ಬಿಚ್ಚಿ, ಎಳೆದು ಎಳೆದು ಅಂಟಿಸಿದೆ. ತುದಿ ಮುಟ್ಟಿತು. ಸೂಜಿ ಜಾರಲಿ ಅಂತ ಮೇಲೆ ಸ್ಯಾಟಿನ್ ರಿಬ್ಬನ್ ಬೇರೆ. ನೋಡೋಕೆ ಕಂಪನಿ ಮಾಲಿಗಿಂತ ಚಂದ ಇತ್ತು. ನಡುವಿನ ಮೂವತ್ತು ಸೂಜಿಯಲ್ಲಿ ಒಂದು ತುಂಡು ಹೆಣೆದು ನೋಡಿದೆ. ಬೆಣ್ಣೆ!

ಎರಡು ದಿನ ಮಕ್ಕಳ ಸ್ವೆಟರ್ ಸಲೀಸಾಗಿ ಇಳಿದವು. 110 ಸೂಜಿ, 120 ಸೂಜಿ. ಬೆಡ್ಡಿನ ತುದಿಗೆ ಯಾರು ಹೋಗುತ್ತಾರೆ?

ಶನಿವಾರ ಸಂಜೆ ಮೇಷ್ಟ್ರ ಸ್ವೆಟರಿನ ಬೆನ್ನು ಹಾಕಿದೆ. 180 ಸೂಜಿ. ಹತ್ತನೇ ಸಾಲಿಗೇ ಎಡ ತುದಿಯಲ್ಲಿ ಒಂದು ಕುಣಿಕೆ ಬಿತ್ತು. ದಾರ ಒರಟು ಅಂದುಕೊಂಡು ಮೇಣದಬತ್ತಿ ಉಜ್ಜಿದೆ. ಮತ್ತೆ ಬಿತ್ತು. ತೂಕ ಸಾಲದೇನೋ ಅಂತ ಎಡಗಡೆ ಇನ್ನೊಂದು ಫೋರ್ಕ್ ನೇತುಹಾಕಿದೆ. ಬಾರ್ ಕಡೆಗೆ ಮಾತ್ರ ಕಣ್ಣು ಹೋಗಲಿಲ್ಲ. ನಾನೇ ಮಾಡಿದ್ದಲ್ವಾ.

ಸಾಲು ಎಣಿಸುವ ಕೌಂಟರಿನಲ್ಲಿ 96. ಸೂಜಿಗಳ ಮೇಲೆ ಅತ್ತಿತ್ತ ಓಡಿ ಹೆಣೆಯುವ ಕ್ಯಾರೇಜು ಎಡಕ್ಕೆ ಹೋಗಿ ತುದಿಯಲ್ಲಿ ನಿಂತಿತು. ಅಲ್ಲಾಡಲಿಲ್ಲ. ಪಕ್ಕದ ಮಷೀನಿನ ಅಕ್ಕ ಸದ್ದಿನಲ್ಲೇ ಗುರುತು ಹಿಡಿದು, "ಎಳೀಬ್ಯಾಡ ಕಣವ್ವ, ಲಿವರ್ ಬುಟ್ಟು ಎತ್ತು" ಅಂದಳು. ನನಗೆ ಗೊತ್ತಿಲ್ಲದ್ದೇನಲ್ಲ. ಹೊಸಬರಿಗೆ ಮೊದಲ ದಿನವೇ ನಾನು ಹೇಳಿಕೊಡುವ ಮಾತು ಅದು. ಆದರೆ ಹೊರಗೆ ಕತ್ತಲಾಗುತ್ತಿತ್ತು, ಮಳೆ ಬೇರೆ, ಇದೊಂದು ಸಾಲು ದಾಟಿಬಿಡಲಿ ಅನಿಸಿತು. ಎರಡೂ ಕೈಯಲ್ಲಿ ಹಿಡಿದು ತಳ್ಳಿದೆ.

ಟಕ್. ಆಮೇಲೆ ಟಕ್ ಟಕ್ ಟಕ್.

ಮೂರು ಸೂಜಿಯ ಕೊಕ್ಕೆ ಮುಚ್ಚುವ ನಾಲಿಗೆ ಹಾರಿತು, ಎರಡು ಬಗ್ಗಿದವು. ಎಡ ಅಂಚಿನ ಐದು ಕುಣಿಕೆ ಬಿಟ್ಟುಕೊಂಡವು. ಅಷ್ಟಕ್ಕೇ ನಿಲ್ಲಬಹುದಿತ್ತೋ ಏನೋ. ಆದರೆ ಕೆಳಗೆ ನನ್ನ ಎರಡು ಫೋರ್ಕು ಇದ್ದವು. ಅಳತೆ ಮಾಡಿ ಕಟ್ಟಿದ ಲಾರಿ ನಟ್ಟು, ಅವುಗಳ ಕೆಲಸ ಅವು ಮಾಡಿದವು. ಏಣಿ ಬಿಚ್ಚಿಕೊಂಡ ಹಾಗೆ ಸಾಲು ಸಾಲಾಗಿ ಇಳಿಯುತ್ತಾ ಹೋಯಿತು. ನಾನು ಸುಮ್ನೆ ನೋಡುತ್ತಾ ನಿಂತಿದ್ದೆ. ಅಕ್ಕ ಬಂದು ಕೈಯೊಡ್ಡಿ ಫೋರ್ಕ್ ಹಿಡಿದಳು. ಅಷ್ಟರಲ್ಲಿ ಮೂವತ್ತು ಸಾಲು ಹೋಗಿತ್ತು.

ಬಾರ್ ಹೊರಗೆಳೆದ ಮೇಲೆ ವಿಷಯ ಗೊತ್ತಾಯಿತು. ಎಳೆದು ಅಂಟಿಸಿದ್ದ ಫೋಮು ಮೆಲ್ಲಗೆ ತನ್ನ ಅಳತೆಗೆ ವಾಪಸ್ ಹೋಗಿತ್ತು. ಎಡ ತುದಿಯಲ್ಲಿ ನಾಲ್ಕು ಬೆರಳು ಬರೀ ರಿಬ್ಬನ್ನು, ಅಡಿಯಲ್ಲಿ ಏನೂ ಇಲ್ಲ. ಅಕ್ಕ ರಿಬ್ಬನ್ನನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದಳು, ನನ್ನ ಮುಖ ನೋಡಿದಳು. ಏನೂ ಅನ್ನಲಿಲ್ಲ. ಎರಡು ಮಾತು ಬೈದಿದ್ದರೆ ಪರವಾಗಿರಲಿಲ್ಲ.

ಅವಳ ಮಷೀನಿನ ಬಾರ್ ತೆಗೆದು ನನ್ನದಕ್ಕೆ ಹಾಕಿದೆವು. ಬಲ ತುದಿಯಲ್ಲಿ ಕೆಲಸಕ್ಕಿಲ್ಲದೆ ಕೂತಿದ್ದ ಹತ್ತು ಸೂಜಿಯಲ್ಲಿ ಐದನ್ನು ಎಡಕ್ಕೆ ತಂದು ಕೂರಿಸಿದೆವು. ಆಮೇಲೆ ಬಾಲ್‌ಪೆನ್ ಕಡ್ಡಿ ಹಿಡಿದು ಐದು ಕುಣಿಕೆಯನ್ನು ಮೂವತ್ತು ಸಾಲು ಮೇಲಕ್ಕೆ ಎತ್ತುತ್ತಾ ಕೂತೆ. ನಡುವಿನದು ಬೇಗ ಬರುತ್ತದೆ. ಅಂಚಿನದಿದೆಯಲ್ಲ, ಅದು ಪ್ರಾಣ ತಿನ್ನುತ್ತದೆ. ಮುಗಿದಾಗ ಒಂಬತ್ತೂವರೆ.

ಸೋಮವಾರ ಓನರ್ ಐದು ಸೂಜಿ ಕೈಯಲ್ಲಿ ಹಿಡಿದು, "ಹೊಸ ಬಾರ್ ತರಿಸೋಣ ಅಂತ ಅವತ್ತೇ ಹೇಳಿದ್ದೆ" ಅಂದರು. ಹೇಳಿದ್ದು ಯಾವತ್ತು? ನಾನೂ ಅಕ್ಕನೂ ಬಾಯಿ ಬಿಡಲಿಲ್ಲ.

ಮೊದಲು ಎಡ ತುದಿ, ಆಮೇಲೆ ಬಲ ತುದಿ, ಕೊನೆಗೆ ನಡು. ಈಗ ಬಾರ್ ಪರೀಕ್ಷೆ ಮಾಡೋದು ಹೀಗೆ. ಫೋಮು ಎರಡು ಬೆರಳು ಉದ್ದವೇ ಕತ್ತರಿಸಿ, ಎಳೆಯದೆ ಸುಮ್ನೆ ಇಟ್ಟು ಒತ್ತುತ್ತೇನೆ, ಒಂದು ರಾತ್ರಿ ಬಿಟ್ಟು ನೋಡಿದ ಮೇಲೇ ರಿಬ್ಬನ್ನು. ಕೊಯಮತ್ತೂರಿನ ಪಾರ್ಸಲ್ ಇನ್ನೂ ಬಂದಿಲ್ಲ. ಎರಡೂ ಮಷೀನು ನನ್ನ ಬಾರಿನಲ್ಲೇ ಓಡುತ್ತಿವೆ. ಮೊನ್ನೆ ಯಾರೋ ಬಂದಿದ್ದಾಗ ಓನರ್ ಅದನ್ನು ಹೊರಗೆಳೆದು ತೋರಿಸಿ, "ಇದು ನಮ್ಮದೇ ತಯಾರಿ" ಅನ್ನುತ್ತಿದ್ದರು.