ಬೂವೆ ದ್ವೀಪದ ಕನ್ನಡ ನಕ್ಷೆ: ಹೆಸರು ಕೂರಿಸುವ ಹಂತ

ದಕ್ಷಿಣ ಅಟ್ಲಾಂಟಿಕ್ ಸಾಗರದಲ್ಲಿರುವ, ನಾರ್ವೆಗೆ ಸೇರಿದ ಬೂವೆ ದ್ವೀಪದ ನಕ್ಷೆಯಲ್ಲಿ ತೀರದ ಗೆರೆ, 50 ಮೀಟರ್ ಅಂತರದ ಕಂಟೂರ್ ಗೆರೆ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ) ಎರಡೂ ಮುಗಿದಿವೆ. 780 ಮೀಟರ್ ಎತ್ತರದ ತುದಿಗೆ 15 ಕಂಟೂರ್. ಎ3 ಹಾಳೆಗೆ 1:30,000 ಅಳತೆ ಸರಿಹೊಂದಿತು. ಸುಮಾರು 9.5 ಕಿ.ಮೀ. ಉದ್ದದ ದ್ವೀಪ 32 ಸೆಂ.ಮೀ.ಗೆ ಇಳಿಯುತ್ತದೆ. 1:25,000 ಇಟ್ಟರೆ 38 ಸೆಂ.ಮೀ. ಆಗಿ, ಚಿಹ್ನೆಗಳ ಅರ್ಥ ಹೇಳುವ ಸೂಚಿಗೆ ಜಾಗವೇ ಉಳಿಯುವುದಿಲ್ಲ.

54°25′ ದಕ್ಷಿಣದಲ್ಲಿ ಒಂದು ಡಿಗ್ರಿ ಅಕ್ಷಾಂಶಕ್ಕೆ 111 ಕಿ.ಮೀ. ಇದ್ದರೆ ರೇಖಾಂಶಕ್ಕೆ 65 ಕಿ.ಮೀ. ಮಾತ್ರ. ಡಿಗ್ರಿ ಲೆಕ್ಕದಲ್ಲೇ ಬಿಡಿಸಿದರೆ ದ್ವೀಪ ಅಡ್ಡಕ್ಕೆ 1.7 ಪಟ್ಟು ಹಿಗ್ಗಿಬಿಡುತ್ತದೆ. ಹಾಗಾಗಿ ಮೊದಲೇ ಮೀಟರ್ ಲೆಕ್ಕದ ಯುಟಿಎಂ ನಕ್ಷಾ ಪದ್ಧತಿಯ 31 ದಕ್ಷಿಣ ವಲಯಕ್ಕೆ ಬದಲಿಸಿಕೊಳ್ಳಬೇಕು.

ಈಗ ಹೆಸರುಗಳು. ಬೂವೆ ಎಂಬ ಫ್ರೆಂಚ್ ನಾವಿಕ 1739ರ ಜನವರಿ 1ರಂದು ಇದನ್ನು ಕಂಡು, ದಕ್ಷಿಣ ಖಂಡದ ಭೂಶಿರವೆಂದುಕೊಂಡು, ಆ ದಿನದ ಕ್ರೈಸ್ತ ಹಬ್ಬದ ಹೆಸರಿಟ್ಟ. ಅವನು ಗುರುತಿಸಿದ್ದ ರೇಖಾಂಶ ತಪ್ಪಾಗಿದ್ದರಿಂದ ಮುಂದೆ ಹುಡುಕಿಬಂದ ಇಂಗ್ಲಿಷ್ ನಾವಿಕ ಕುಕ್‌ಗೂ ಸಿಗಲಿಲ್ಲ. 1808ರಲ್ಲಿ ಇದು ಲಿಂಡ್ಸೆ, 1825ರಲ್ಲಿ ಲಿವರ್‌ಪೂಲ್. ಜಾಗ ಖಚಿತವಾದದ್ದು 1898ರಲ್ಲಿ, ಜರ್ಮನಿಯ ವಾಲ್ಡಿವಿಯಾ ಹಡಗಿನಿಂದ. 1927ರಲ್ಲಿ ನಾರ್ವೆಯವರು ಬಂದಿಳಿದು ಬುವೇಓಯಾ ಎಂದರು. ಹಳೆಯ ಹೆಸರುಗಳಿಗೆ ನಕ್ಷೆಯ ಮೂಲೆಯಲ್ಲಿ ಪುಟ್ಟ ಪಟ್ಟಿ ಸಾಕು.

ಹೆಚ್ಚು ಹೊತ್ತು ಹಿಡಿದದ್ದು ನಾರ್ವೇಜಿಯನ್ ಬಾಲಗಳು. ‘ಓಯಾ’ ಎಂದರೇ ದ್ವೀಪ, ‘ಟೊಪ್ಪೆನ್’ ಎಂದರೇ ಶಿಖರ, ‘ಬ್ರೇನ್’ ಎಂದರೇ ಹಿಮನದಿ. ‘ಬುವೇಓಯಾ ದ್ವೀಪ’ ಎಂದು ಬರೆದರೆ ‘ನಡುಮಧ್ಯೆ’ ಎಂದ ಹಾಗೆ. ಆದ್ದರಿಂದ ನಕ್ಷೆಯ ಮೇಲೆ ಬೂವೆ ದ್ವೀಪ, ಲಾರ್ಸ್ ದ್ವೀಪ, ಓಲಾವ್ ಶಿಖರ. ಮೂಲದ ಉಚ್ಚಾರ ಹೆಸರುಗಳ ಕೋಷ್ಟಕದ ಇನ್ನೊಂದು ಕಾಲಂನಲ್ಲಿ. ಬೂವೆ ಹೆಸರಿನ ಕೊನೆಯ ‘ಟ್’ ಬರೆಯಬಾರದು. ಫ್ರೆಂಚಿನಲ್ಲಿ ಅದು ನುಡಿಯುವುದಿಲ್ಲ.

ಆ ಕಾಲಂನಲ್ಲೇ ಒಂದು ತಪ್ಪು ಸಿಕ್ಕಿತು. ‘ಓಲಾವ್‌ಟೊಪ್ಪೆನ್’ ಅನ್ನು ‘ಓಲಾವ್‌ಟೊಪ್ಪೆನ’ ಎಂದು ತೋರಿಸುತ್ತಿತ್ತು. ಶೇಪ್‌ಫೈಲ್‌ನ (ನಕ್ಷೆಯ ದತ್ತಾಂಶ ಉಳಿಸುವ ಒಂದು ಫೈಲ್ ಬಗೆ) ಕಾಲಂ ಅಗಲ ಬೈಟ್ ಲೆಕ್ಕದ್ದು, ಅಲ್ಲಿ ಇಟ್ಟಿದ್ದು 40. ಕಂಪ್ಯೂಟರಿನಲ್ಲಿ ಅಕ್ಷರ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ (ಅಕ್ಷರ, ಸ್ವರಚಿಹ್ನೆ ಎಲ್ಲ ಬೇರೆ ಬೇರೆ) 3 ಬೈಟ್. ಈ ಹೆಸರಿನಲ್ಲಿ ‘ವ್’ ಮತ್ತು ‘ಟ’ ಒತ್ತಕ್ಷರವಾಗದಂತೆ ತಡೆಯುವ ಕಾಣದ ಸಂಕೇತವೂ ಸೇರಿ 14. ಒಟ್ಟು 42 ಬೈಟ್! ‘ನ’ವನ್ನು ‘ನ್’ ಮಾಡುವ ಕೊನೆಯ ಚಿಹ್ನೆ ಕತ್ತರಿಸಿಹೋಗಿತ್ತು. ಜಿಯೊಪ್ಯಾಕೇಜ್‌ಗೆ (ಇನ್ನೊಂದು ಫೈಲ್ ಬಗೆ) ಬದಲಿಸಿ, ಹೆಸರುಗಳನ್ನು ಮತ್ತೆ ತುಂಬಿದ ಮೇಲೆ ಸರಿಹೋಯಿತು. ಬರಿದೇ ಫೈಲ್ ಬದಲಿಸಿದರೆ ಕತ್ತರಿಸಿದ್ದು ಮರಳಿ ಬರುವುದಿಲ್ಲ.

ಹಿಮನದಿಯ ಹೆಸರುಗಳನ್ನು ಅಕ್ಷರ ಬಿಡಿಸಿ ಹರವಬೇಡಿ. ಒತ್ತಕ್ಷರ ಕಳಚಿಕೊಳ್ಳುತ್ತದೆ. ಅಕ್ಷರದ ಗಾತ್ರ ಹೆಚ್ಚಿಸಿದರೆ ಸಾಕು.

ಬಾಕಿ ಇರುವುದು ವಾಯವ್ಯ ತೀರದ ನ್ಯೂರೊಯ್ಸಾ, ಅಂದರೆ ಹೊಸ ಕಲ್ಲುರಾಶಿ. ಬೆಟ್ಟ ಕುಸಿದು ಹುಟ್ಟಿದ ಈ ತಗ್ಗು ನೆಲ 1955ರಲ್ಲಿ ಇರಲಿಲ್ಲ, 1958ರಲ್ಲಿ ಇತ್ತು. ಆಧಾರಕ್ಕಿಟ್ಟ ನಕ್ಷೆಯಲ್ಲಿ ಇದು ಕಾಣದಿದ್ದರೆ ತೀರದ ಗೆರೆ ಅದಕ್ಕಿಂತ ಹಳೆಯದು. ಸಡಿಲ ಕಲ್ಲಿನ ಅಂಚನ್ನು ಅಲೆ ಕೊರೆಯುತ್ತಲೇ ಇರುವುದರಿಂದ ಅಲ್ಲಿ ತುಂಡುಗೆರೆ ಹಾಕಿ, ಪಕ್ಕದಲ್ಲೇ ಉಪಗ್ರಹ ಚಿತ್ರದ ವರ್ಷ ಬರೆಯಬೇಕು.