ಸುತ್ತೋಲೆ ಓದಿ ಹೇಳಿದರೆ ತರಬೇತಿ ಆಗುವುದಿಲ್ಲ

ದಾವಣಗೆರೆ ಜಿಲ್ಲೆಯಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಮುಂಚೆ ಕೊಠಡಿ ಮೇಲ್ವಿಚಾರಕರಿಗೆ ತರಬೇತಿ ಕೊಡುವ ತಂಡದಲ್ಲಿ ನಾನೂ ಒಬ್ಬ. ಮೂಲತಃ ಗಣಿತ ಮೇಷ್ಟ್ರು. ಈ ಕೆಲಸ ಕೇಳಿ ಪಡೆದದ್ದಲ್ಲ, ಹೆಸರು ಬರೆದು ಕಳಿಸಿದರು, ಹೋದೆ. ಈಗ ಬಿಡಿ ಅಂದರೂ ಬಿಡುವ ಮನಸ್ಸಿಲ್ಲ. ಅದರಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬೇರೆ ಜಿಲ್ಲೆಯಲ್ಲಿ ಇದೇ ಕೆಲಸ ಮಾಡುವವರಿಗೆ ಉಪಯೋಗ ಆಗಬಹುದು.

ಪರೀಕ್ಷಾ ತರಬೇತಿ ಹೇಗಿರುತ್ತದೆ ಅಂತ ಶಿಕ್ಷಕರಿಗೆಲ್ಲ ಗೊತ್ತು. ಒಂದು ದೊಡ್ಡ ಹಾಲ್, ಆಗಾಗ ಕೀಂಯ್ ಅನ್ನುವ ಮೈಕು. ಮುಂದೆ ಒಬ್ಬರು ಸುತ್ತೋಲೆ ಓದುತ್ತಾರೆ, ಹಿಂದಿನ ಸಾಲಿನವರು ಪೂರ್ವಸಿದ್ಧತಾ ಪರೀಕ್ಷೆಯ ಪೇಪರ್ ತಿದ್ದುತ್ತಿರುತ್ತಾರೆ. ನಡುವೆ ಮಂಡಕ್ಕಿ ಮೆಣಸಿನಕಾಯಿ, ಚಹಾ. ಕೊನೆಗೆ ಹಾಜರಾತಿಗೆ ಸಹಿ ಹಾಕಿ ಬಸ್ ಹಿಡಿಯುವುದು. ಹೊನ್ನಾಳಿ, ಜಗಳೂರು ಕಡೆಯಿಂದ ಬಂದವರು ಮೂರು ಗಂಟೆಗೇ ಗಡಿಯಾರ ನೋಡಲು ಶುರು ಮಾಡುತ್ತಾರೆ. ಅವರನ್ನು ಬೈಯುವುದಕ್ಕಾಗುವುದಿಲ್ಲ. ಸುತ್ತೋಲೆಯಲ್ಲಿ ಇರುವುದೆಲ್ಲ ಅವರಿಗೆ ಗೊತ್ತಿರುವುದೇ.

ಅಲ್ಲೇ ಇರುವುದು ಸಮಸ್ಯೆ. ನಿಯಮ ಗೊತ್ತಿಲ್ಲದೆ ಪರೀಕ್ಷಾ ಕೊಠಡಿಯಲ್ಲಿ ತಪ್ಪಾಗುವುದು ಕಡಿಮೆ. ಜಾಸ್ತಿ ತಪ್ಪಾಗುವುದು ದಾಕ್ಷಿಣ್ಯಕ್ಕೆ, ಮರುಕಕ್ಕೆ. ಪೇಪರ್ ಕದಿಯಬೇಕು ಅಂತಲೇ ಹೊರಟವನಿಗೆ ನನ್ನ ಅರ್ಧ ದಿನದ ತರಬೇತಿ ಏನು ಮಾಡೀತು? ಅವನಿಗೆ ಪೊಲೀಸರಿದ್ದಾರೆ, ಶಿಕ್ಷಣ ಕಾಯ್ದೆ ಇದೆ. ನನ್ನ ಮುಂದೆ ಕೂತಿರುವವರು ಒಳ್ಳೆಯ ಮೇಷ್ಟ್ರುಗಳು, ಮೇಡಂಗಳು. ಮಗು ಪೆನ್ನು ಕಚ್ಚುತ್ತಾ ಕೂತರೆ ಇವರಿಗೆ ಹೊಟ್ಟೆ ಚುರುಕ್ ಅನ್ನುತ್ತದೆ. ನನ್ನ ತರಬೇತಿ ಬೇಕಾಗಿರುವುದು ಇಂಥವರಿಗೇ.

ಹಾಗಾಗಿ ಈಗ ನಾವು ಓದುವುದನ್ನು ಕಡಿಮೆ ಮಾಡಿ, ಆಡಿಸುವುದನ್ನು ಜಾಸ್ತಿ ಮಾಡಿದ್ದೇವೆ. ಶಾಲೆಯದೇ ಒಂದು ಕೊಠಡಿ ತೆಗೆದುಕೊಳ್ಳುತ್ತೇವೆ. ಕೆಲವರು ಮಕ್ಕಳಾಗಿ ಡೆಸ್ಕಿನಲ್ಲಿ ಕೂರುತ್ತಾರೆ, ಒಬ್ಬರು ಮೇಲ್ವಿಚಾರಕರು. ಮಕ್ಕಳಾದವರಿಗೆ ಮೊದಲೇ ಗುಟ್ಟಾಗಿ ಒಂದೊಂದು ಪಾತ್ರ ಹೇಳಿರುತ್ತೇವೆ. ನೀವು ಹಾಲ್ ಟಿಕೆಟ್ ಮರೆತು ಬಂದವರು, ನಿಮಗೆ ಹೊಟ್ಟೆನೋವು, ನೀವು ಪ್ರಶ್ನೆ ಅರ್ಥವಾಗಲಿಲ್ಲ ಅಂತ ಕೈ ಎತ್ತಬೇಕು, ಹೀಗೆ.

ಈ ಕೊನೆಯದನ್ನು ಒಮ್ಮೆ ನೋಡಬೇಕು ನೀವು. ಡೆಸ್ಕಿನಲ್ಲಿ ಕೂತ ಮೇಷ್ಟ್ರು ಕೈ ಎತ್ತಿ, 'ಸಾರ್, ಇದೇನು ಕೇಳ್ಯಾರೆ ಅಂತನೇ ತಿಳೀವಲ್ದು' ಅನ್ನುತ್ತಾರೆ. ಪ್ರಶ್ನೆ ವರ್ಗ ಸಮೀಕರಣದ ಮೂಲಗಳ ಸ್ವಭಾವದ್ದು. ಮೇಲ್ವಿಚಾರಕರ ಪಾತ್ರದಲ್ಲಿರುವವರು ಹತ್ತಿರ ಹೋಗಿ ಬಗ್ಗುತ್ತಾರೆ. ಅಷ್ಟು ಹೊತ್ತಿಗೆ ಅವರ ತೋರುಬೆರಳು ತಾನಾಗಿಯೇ ಪ್ರಶ್ನೆಯ ಮೇಲೆ ಹೋಗಿರುತ್ತದೆ. 'ಸರಿಯಾಗಿ ಓದಪ್ಪಾ, ಶೋಧಕ ನೆನಪಿದೆಯಾ?' ಅನ್ನುತ್ತಾರೆ. ಮೂಲಗಳ ಸ್ವಭಾವ ತಿಳಿಯುವುದೇ ಶೋಧಕದಿಂದ. ಅಲ್ಲಿಗೆ ಮುಗೀತು, ಉತ್ತರ ಹೇಳಿಕೊಟ್ಟಾಯಿತು. ಸುತ್ತ ನಿಂತವರು ನಗುತ್ತಾರೆ, ಅವರಿಗೂ ನಗು ಬರುತ್ತದೆ, 'ಅಯ್ಯೋ, ನಾನೇನೂ ಹೇಳಲಿಲ್ವಲ್ಲ ಸಾರ್' ಅಂತಾರೆ. ಹೇಳಬೇಕು ಅಂತ ಹೇಳಿದ್ದಲ್ಲ, ನಿಜ. ವರ್ಷವೆಲ್ಲ ಅದೇ ಕೆಲಸ ಮಾಡಿದ ಬಾಯಿ ಅದು. ಅದನ್ನು ಮೂರು ತಾಸು ಕಟ್ಟಿಡಬೇಕಾದರೆ ಅದಕ್ಕೆ ಬೇರೆ ಏನಾದರೂ ಹೇಳಲು ಕೊಡಬೇಕು.

ಅದಕ್ಕೇ ಒಂದು ಮಾತು ಗೊತ್ತುಮಾಡಿದ್ದೇವೆ. 'ಪ್ರಶ್ನೆಯನ್ನು ಇನ್ನೊಂದು ಸಲ ನೀನೇ ಓದು, ತಿಳಿದಷ್ಟು ಬರಿ.' ಎಲ್ಲ ಕೊಠಡಿಯಲ್ಲೂ ಇಷ್ಟೇ. ಮುಂದೆ ಒಂದು ಪದವೂ ಇಲ್ಲ, ತಲೆ ಆಡಿಸುವುದೂ ಇಲ್ಲ, ಉತ್ತರ ಪತ್ರಿಕೆ ನೋಡಿ 'ಹ್ಞೂಂ' ಅನ್ನುವುದೂ ಇಲ್ಲ. ಮುದ್ರಣ ದೋಷ ಇರಬಹುದು ಅನ್ನಿಸಿದರೆ ಅದನ್ನು ಕೊಠಡಿಯಲ್ಲೇ ಬಗೆಹರಿಸಬೇಡಿ, ಪರೀಕ್ಷಾ ಕೇಂದ್ರದ ಉಸ್ತುವಾರಿ ಹೊತ್ತ ಮುಖ್ಯ ಅಧೀಕ್ಷಕರಿಗೆ ಹೇಳಿ ಕಳಿಸಿ. ಈ ಮಾತನ್ನು ಎಲ್ಲರ ಬಾಯಲ್ಲೂ ಜೋರಾಗಿ ಹೇಳಿಸುತ್ತೇವೆ, ಮಗ್ಗಿ ಹೇಳಿಸಿದ ಹಾಗೆ. ನಿವೃತ್ತಿಗೆ ಹತ್ತಿರ ಬಂದವರಿಗೆ ಇದು ಸ್ವಲ್ಪ ಇರಿಸುಮುರಿಸು. ಆದರೂ ಬಿಡುವುದಿಲ್ಲ.

'ಪಾಪ, ಒಂದು ಮಾರ್ಕ್ಸಿಗೆ ಫೇಲ್ ಆದರೆ ಆ ಹುಡುಗಿ ಓದೇ ನಿಲ್ಲಿಸಿಬಿಡ್ತಾಳೆ ಸಾರ್, ಮದುವೆ ಮಾಡಿಬಿಡ್ತಾರೆ' ಅಂತ ಒಬ್ಬರು ಮೇಡಂ ಒಮ್ಮೆ ಜಗಳವನ್ನೇ ತೆಗೆದರು. ಅವರ ಮಾತು ಸುಳ್ಳಲ್ಲ. ನಮ್ಮ ಹಳ್ಳಿಗಳಲ್ಲಿ ಹಾಗೆ ಆಗುತ್ತದೆ. ಆದರೆ ಅದಕ್ಕೆ ದಾರಿ ಬೇರೆ ಇದೆ. 2024ರಿಂದ ಎಸ್‌ಎಸ್‌ಎಲ್‌ಸಿಗೆ ಪರೀಕ್ಷೆ-1, ಪರೀಕ್ಷೆ-2 ಅಂತ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಅವಕಾಶ ಮಾಡಿದ್ದಾರೆ. ಆ ಹುಡುಗಿಯ ಮನೆಗೆ ಹೋಗಿ ಪರೀಕ್ಷೆ-2ಕ್ಕೆ ಕೂರಿಸಿ ಅಂತ ಅವರಪ್ಪನಿಗೆ ಹೇಳುವುದು ಮರುಕ. ಕೊಠಡಿಯಲ್ಲಿ ಬಗ್ಗಿ ಪಿಸುಗುಟ್ಟುವುದು ಪಕ್ಕದ ಡೆಸ್ಕಿನಲ್ಲಿ ರಾತ್ರಿ ಓದಿ ಬಂದು ಕೂತಿರುವ ಹುಡುಗನಿಗೆ ಮಾಡುವ ಮೋಸ. ಮೇಡಂ ಒಪ್ಪಿದರೋ ಇಲ್ಲವೋ ಗೊತ್ತಾಗಲಿಲ್ಲ, ಸುಮ್ಮನಾದರು.

ಆಮೇಲೆ ಬಂಡಲ್ ವಿಚಾರ. ಇದರಲ್ಲಿ ಮರುಕ ಗಿರುಕ ಏನೂ ಇಲ್ಲ, ಬರೀ ಗಡಿಬಿಡಿ. ಪ್ರಶ್ನೆಪತ್ರಿಕೆ ಖಜಾನೆಯಿಂದ ಹೊರಟು ಮಾರ್ಗಾಧಿಕಾರಿಗಳ ವಾಹನದಲ್ಲಿ ಕೇಂದ್ರಕ್ಕೆ ಬರುತ್ತದೆ. ಅಲ್ಲಿವರೆಗೆ ಬಂದೋಬಸ್ತ್ ಚೆನ್ನಾಗಿಯೇ ಇರುತ್ತದೆ. ಕೇಂದ್ರದೊಳಗೆ ಬಂದ ಮೇಲಿನ ಸ್ವಲ್ಪ ಹೊತ್ತು ಇದೆಯಲ್ಲ, ಅದು ನಾಜೂಕಿನದು. ಹೊರಗೆ ಮಕ್ಕಳ ಗದ್ದಲ, ಬೆಲ್ ಹೊಡೆಯಲು ಸಿಬ್ಬಂದಿ ಕಾಯುತ್ತಾ ನಿಂತಿದ್ದಾರೆ, ಯಾರೋ ಹೆಚ್ಚುವರಿ ಹಾಳೆಗೆ ದಾರ ಕೇಳುತ್ತಿದ್ದಾರೆ. ಆಗ ಲಕೋಟೆಗೆ ಕತ್ತರಿ ಹಾಕುವ ಕೈ ತುಂಬಾ ಅವಸರದ್ದು.

ತರಬೇತಿಯಲ್ಲಿ ಡಮ್ಮಿ ಲಕೋಟೆ ಮಾಡಿಟ್ಟಿರುತ್ತೇವೆ. ಒಂದರ ಮೇಲೆ 81-ಕೆ, ಇನ್ನೊಂದರ ಮೇಲೆ 81-ಇ. ಎರಡೂ ಗಣಿತವೇ, ಒಂದು ಕನ್ನಡ ಮಾಧ್ಯಮ, ಒಂದು ಇಂಗ್ಲಿಷ್ ಮಾಧ್ಯಮ. ಜೊತೆಗೆ ಬೇಕಂತಲೇ ಒಂದು 83-ಕೆ, ಅಂದರೆ ವಿಜ್ಞಾನ, ಸೇರಿಸಿರುತ್ತೇವೆ. ಬೇಗ ತೆರೆಯಿರಿ, ಬೆಲ್ ಆಗುತ್ತಿದೆ ಅಂತ ಪಕ್ಕದಲ್ಲಿ ನಿಂತು ಅವಸರ ಮಾಡುತ್ತೇವೆ. ಕತ್ತರಿ ವಿಜ್ಞಾನದ ಲಕೋಟೆಯ ಅಂಚಿಗೆ ತಾಗಿದ ಕೂಡಲೇ ಆಟ ನಿಲ್ಲಿಸುತ್ತೇವೆ. ಇನ್ನೂ ನಡೆಯದ ವಿಷಯದ ಪ್ರಶ್ನೆಪತ್ರಿಕೆ ತೆರೆದುಬಿಟ್ಟರೆ ಏನಾಗುತ್ತದೆ ಅಂತ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಹಾಲಿನಲ್ಲಿ ಆಗ ಒಬ್ಬರೂ ಪೇಪರ್ ತಿದ್ದುತ್ತಿರುವುದಿಲ್ಲ. ಅದಾದ ಮೇಲೆ ಕ್ರಮ ಹೇಳಿದರೆ ತಲೆಗೆ ಹೋಗುತ್ತದೆ. ಕತ್ತರಿ ಎತ್ತುವ ಮೊದಲು ಒಬ್ಬರು ವಿಷಯ, ಸಂಕೇತ ಸಂಖ್ಯೆ, ದಿನಾಂಕ, ಮಾಧ್ಯಮ ಗಟ್ಟಿಯಾಗಿ ಓದಬೇಕು. ಇನ್ನೊಬ್ಬರು ಅಂದಿನ ವೇಳಾಪಟ್ಟಿ ಕೈಯಲ್ಲಿ ಹಿಡಿದು ಹೌದು ಅನ್ನಬೇಕು. ಸೀಲು ನೆಟ್ಟಗಿದೆಯಾ ಅಂತ ಸಾಕ್ಷಿಗೆ ನಿಂತವರು ನೋಡಬೇಕು, ನೋಡಿದ ಮೇಲೆ ಸಹಿ. ನೋಡುವ ಮೊದಲೇ ಸಹಿ ಹಾಕಿಟ್ಟು 'ಹೆಂಗಿದ್ರೂ ಹಾಕಬೇಕಲ್ಲ' ಅನ್ನುವವರು ಎಲ್ಲ ಊರಲ್ಲೂ ಇದ್ದಾರೆ. ಅವರ ಮೇಲೊಂದು ಕಣ್ಣಿರಲಿ.

2016ರಲ್ಲಿ ದ್ವಿತೀಯ ಪಿಯುಸಿ ರಸಾಯನಶಾಸ್ತ್ರ ಪತ್ರಿಕೆ ಸೋರಿಕೆಯಾದದ್ದು ನೆನಪಿರಬೇಕಲ್ವಾ. ಮಾರ್ಚ್ 21ರ ಪರೀಕ್ಷೆ ರದ್ದು, ಮತ್ತೆ 31ಕ್ಕೆ ಇಟ್ಟರು, ಅದೂ ಸೋರಿ ರದ್ದಾಗಿ ಕೊನೆಗೆ ಏಪ್ರಿಲ್‌ನಲ್ಲಿ ಮೂರನೇ ಸಲ ನಡೆಸಬೇಕಾಯಿತು. ಆ ವರ್ಷ ಪರೀಕ್ಷೆ ಬರೆದವರಲ್ಲಿ ಕೆಲವರು ಈಗ ಶಿಕ್ಷಕರಾಗಿ ನಮ್ಮ ತರಬೇತಿಗೇ ಬರುತ್ತಾರೆ. ಸೋರಿಕೆ ಅಂದರೆ ಓದಿದ ಮಕ್ಕಳಿಗೆ ಏನಾಗುತ್ತದೆ ಅಂತ ಅವರು ಹೇಳಿದರೆ ನಾನು ಹೇಳುವುದಕ್ಕಿಂತ ಚೆನ್ನಾಗಿ ನಾಟುತ್ತದೆ. ಹಾಗಾಗಿ ಮೈಕು ಅವರ ಕೈಗೇ ಕೊಡುತ್ತೇನೆ.

ಮೊಬೈಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದಕ್ಕೆಂದೇ ಕೇಂದ್ರದಲ್ಲಿ ಮೊಬೈಲ್ ಸ್ವಾಧೀನಾಧಿಕಾರಿ ಇರುತ್ತಾರೆ, ಒಳಗೆ ಹೋಗುವಾಗ ಕೊಡಬೇಕು, ಹೊರಗೆ ಬರುವಾಗ ತಗೋಬೇಕು. ತಕರಾರು ಬರುವುದು ಮನೆಯಲ್ಲಿ ಹುಷಾರಿಲ್ಲದವರು ಇದ್ದಾಗ. ಅದಕ್ಕೆ ಮನೆಯವರಿಗೆ ಕೇಂದ್ರದ ನಂಬರ್ ಕೊಟ್ಟು ಬನ್ನಿ ಅಂತ ಮೊದಲೇ ಹೇಳಿದರೆ ಅರ್ಧ ಗಲಾಟೆ ಕಡಿಮೆ. ಸ್ಮಾರ್ಟ್ ವಾಚೂ ಮೊಬೈಲೇ, ವಾದ ಬೇಡ.

ಎಲ್ಲರೂ ಮರೆಯುವುದು ನೀರು ಕೊಡುವವರನ್ನು, ಬೆಲ್ ಹೊಡೆಯುವವರನ್ನು, ಕಸ ಗುಡಿಸುವವರನ್ನು. ಕೊಠಡಿಯಿಂದ ಕೊಠಡಿಗೆ ಓಡಾಡುವವರು ಅವರೇ. ಹೊರಗಿನವರು ಚೀಟಿ ಕಳಿಸಬೇಕು ಅಂದರೆ ಮೊದಲು ಹುಡುಕುವುದೂ ಅವರನ್ನೇ. ಅವರು ಅದೇ ಊರಿನವರು, ಕಿಟಕಿ ಆಚೆ ನಿಂತವನು ಅವರ ಪಕ್ಕದ ಮನೆಯವನೇ ಆಗಿರುತ್ತಾನೆ, 'ಇದೊಂದು ಕೊಟ್ಟುಬಿಡಕ್ಕಾ' ಅಂದರೆ ಇಲ್ಲ ಅನ್ನುವುದು ಸುಲಭ ಅಲ್ಲ. ಆದರೆ ತರಬೇತಿ ಪಟ್ಟಿಯಲ್ಲಿ ಅವರ ಹೆಸರೇ ಇರುವುದಿಲ್ಲ. ನಾವು ಮುಖ್ಯ ಅಧೀಕ್ಷಕರಿಗೆ ಹೇಳಿ, ಪರೀಕ್ಷೆಯ ಹಿಂದಿನ ದಿನ ಅವರನ್ನು ಕೂರಿಸಿಕೊಂಡು ಚಹಾ ಕುಡಿಸಿ ಮಾತಾಡಿ ಅಂತ ಕೇಳಿಕೊಳ್ಳುತ್ತೇವೆ. 'ಯಾರಾದರೂ ಏನಾದರೂ ಕೊಟ್ಟರೆ ಸಾಹೇಬರು ಗೇಟಲ್ಲೇ ಚೆಕ್ ಮಾಡ್ತಾರೆ ಅನ್ನಿ, ತಪ್ಪು ನಮ್ಮ ಮೇಲೆ ಹಾಕಿ' ಅಂತ ಹೇಳಿಕೊಟ್ಟರೆ ಅವರಿಗೂ ಊರಲ್ಲಿ ಮುಖ ಉಳಿಯುತ್ತದೆ.

ಚೀಟಿ ಸಿಕ್ಕಾಗ ಮಗುವಿಗೆ ಹೊಡೆಯುವುದು, ಎಲ್ಲರ ಮುಂದೆ ಬೈಯುವುದು ಬೇಡವೇ ಬೇಡ. ಚೀಟಿ ತಗೊಳ್ಳಿ, ಮುಖ್ಯ ಅಧೀಕ್ಷಕರನ್ನು ಕರೆಸಿ, ಮುಂದಿನದು ಅವರ ಕೆಲಸ. ಹೆಣ್ಣುಮಕ್ಕಳ ತಪಾಸಣೆ ಮಹಿಳಾ ಸಿಬ್ಬಂದಿಯೇ ಮಾಡಬೇಕು.

ಇನ್ನು ಸರ್ವೇಕ್ಷಣೆಯ ಪರೀಕ್ಷೆಗಳು. 2024ರ ಡಿಸೆಂಬರ್ 4ರಂದು ದೇಶದಾದ್ಯಂತ 3, 6 ಮತ್ತು 9ನೇ ತರಗತಿಗೆ ಪರಖ್ ರಾಷ್ಟ್ರೀಯ ಸರ್ವೇಕ್ಷಣೆ ನಡೆಯಿತಲ್ಲ, ಅಂಥದ್ದು. ಇಲ್ಲಿ ಪಾಸು ಫೇಲು ಇಲ್ಲ, ಮಗುವಿಗೆ ಅಂಕಪಟ್ಟಿಯೂ ಇಲ್ಲ. ಜಿಲ್ಲೆಯ, ರಾಜ್ಯದ ಕಲಿಕೆ ಹೇಗಿದೆ ಅಂತ ನೋಡುವುದಷ್ಟೇ. ಆದರೂ ಮುಖ್ಯ ಶಿಕ್ಷಕರು ಬೆವರುತ್ತಾರೆ. 'ನಮ್ಮ ಶಾಲೆ ಮರ್ಯಾದೆ ಸಾರ್' ಅಂತ ಚುರುಕು ಮಕ್ಕಳನ್ನು ಮುಂದಿನ ಬೆಂಚಿಗೆ ತರುವುದು, ಓದಲು ಬಾರದ ಮಗುವಿಗೆ 'ನಾಳೆ ಮನೇಲೇ ಇರು' ಅನ್ನುವುದು, ಬೋರ್ಡಿನ ಮೇಲೆ ಅದೇ ತರಹದ ಲೆಕ್ಕ ಬಿಡಿಸಿ ಅಳಿಸದೇ ಬಿಡುವುದು. ತೂಗುವಾಗ ತಕ್ಕಡಿಗೆ ಬೆರಳು ಒತ್ತಿದರೆ ಅಕ್ಕಿ ಜಾಸ್ತಿ ಆಗುತ್ತದೆಯೇ? ಜಗಳೂರಿನ ಒಂದು ಶಾಲೆಯಲ್ಲಿ ಮಕ್ಕಳು ಭಾಗಾಕಾರದಲ್ಲಿ ಹಿಂದಿದ್ದಾರೆ ಅಂತ ಗೊತ್ತಾದರೆ ತಾನೇ ಅಲ್ಲಿಗೆ ತರಬೇತಿ, ಸಾಮಗ್ರಿ ಕೇಳಬಹುದು? ಎಲ್ಲ ಚೆನ್ನಾಗಿದೆ ಅಂತ ವರದಿ ಬಂದರೆ ಯಾರು ಏನು ಕೊಡುತ್ತಾರೆ?

ಇಂಥ ಕಡೆ ನಾನು ಅಮೆರಿಕದ ಅಟ್ಲಾಂಟಾ ನಗರದ ಕಥೆ ಹೇಳುತ್ತೇನೆ, ಎಲ್ಲರೂ ಕಿವಿ ನೆಟ್ಟಗೆ ಮಾಡಿ ಕೇಳುತ್ತಾರೆ. ಅಲ್ಲಿನ ಸರ್ಕಾರಿ ಶಾಲೆಗಳ ಅಂಕ ಇದ್ದಕ್ಕಿದ್ದಂತೆ ಏರಿತು, ಆಡಳಿತಕ್ಕೆ ಪ್ರಶಸ್ತಿಯೂ ಬಂತು. ಅನುಮಾನ ಬಂದ ಮೇಲೆ ಉತ್ತರ ಹಾಳೆಯ ಅಳಿಸಿದ ಗುರುತುಗಳನ್ನು ಯಂತ್ರದಿಂದ ಎಣಿಸಿದರು. ತಪ್ಪು ಉತ್ತರ ಅಳಿಸಿ ಸರಿ ಉತ್ತರ ತುಂಬಿದ್ದು ಕೆಲವು ತರಗತಿಗಳಲ್ಲಿ ಮಕ್ಕಳು ತಾವಾಗಿ ಮಾಡಲು ಸಾಧ್ಯವೇ ಇಲ್ಲದಷ್ಟು ಇತ್ತು. 2011ರ ತನಿಖಾ ವರದಿಯಲ್ಲಿ 44 ಶಾಲೆಗಳ 178 ಮಂದಿ ಶಿಕ್ಷಕರು, ಮುಖ್ಯಸ್ಥರ ಹೆಸರು ಬಂತು. 2015ರಲ್ಲಿ 11 ಮಂದಿಯ ಮೇಲೆ ನ್ಯಾಯಾಲಯದಲ್ಲಿ ಅಪರಾಧ ಸಾಬೀತಾಯಿತು. ಅವರೆಲ್ಲ ಹುಟ್ಟಾ ಕಳ್ಳರೇನಲ್ಲ. ಮೇಲಿನಿಂದ ರಿಸಲ್ಟ್ ರಿಸಲ್ಟ್ ಅಂತ ಒತ್ತಡ, ಗುರಿ ಮುಟ್ಟದಿದ್ದರೆ ಕೆಲಸಕ್ಕೇ ಕುತ್ತು. 'ಇದು ನಮ್ಮ ಕಥೆ ಇದ್ದಂಗೇ ಐತಲ್ರೀ' ಅಂತ ಹಿಂದಿನಿಂದ ಯಾರಾದರೂ ಅಂದೇ ಅನ್ನುತ್ತಾರೆ.

ನಮ್ಮ ಪಕ್ಕದ ಚಿತ್ರದುರ್ಗದ ವಿಚಾರವೂ ಚರ್ಚೆಗೆ ಬರುತ್ತದೆ. 2023ರಲ್ಲಿ ಎಸ್‌ಎಸ್‌ಎಲ್‌ಸಿಯಲ್ಲಿ ಶೇ. 96.80 ಫಲಿತಾಂಶ ತೆಗೆದು ರಾಜ್ಯಕ್ಕೇ ಮೊದಲು ಬಂದ ಜಿಲ್ಲೆ, ಮರುವರ್ಷ 21ನೇ ಸ್ಥಾನಕ್ಕೆ ಇಳಿಯಿತು. 2024ರಲ್ಲೇ ಕೊಠಡಿಗಳಿಗೆ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಬಂದದ್ದು, ಅಂದರೆ ಕೊಠಡಿಯಲ್ಲಿ ನಡೆಯುವುದನ್ನು ಬೇರೆ ಕಡೆ ಕೂತು ನೇರವಾಗಿ ನೋಡುವ ವ್ಯವಸ್ಥೆ. ಇಡೀ ರಾಜ್ಯದ ಫಲಿತಾಂಶವೂ ಶೇ. 83.89ರಿಂದ 73.40ಕ್ಕೆ ಬಿತ್ತು, ಅದೂ ಕೃಪಾಂಕವನ್ನು ಜಾಸ್ತಿ ಮಾಡಿದ ಮೇಲೆ. ಕೆಲವರು ಇದನ್ನು ಹಿಡಿದುಕೊಂಡು ದುರ್ಗದವರನ್ನು ಆಡಿಕೊಳ್ಳುತ್ತಾರೆ. ನನಗದು ಹಿಡಿಸುವುದಿಲ್ಲ. ಹಿಂದಿನ ವರ್ಷ ನಿಜವಾಗಿ ಓದಿ ಅಂಕ ತೆಗೆದ ಮಕ್ಕಳು ಅಲ್ಲಿ ಸಾವಿರಾರು ಮಂದಿ ಇದ್ದರು. ಈಗ ಅವರ ಅಂಕವನ್ನೂ ಜನ ಅನುಮಾನದಿಂದ ನೋಡುವಂತಾಯಿತಲ್ಲ, ಅದು ಬೇಜಾರು. ತರಬೇತಿಯಲ್ಲಿ ನಾನು ಹೇಳುವುದು ಇದನ್ನೇ. ನೀವು ಕೊಠಡಿಯಲ್ಲಿ ಬಿಗಿಯಾಗಿ ಇರುವುದು ಓದಿದ ಮಗುವಿನ ಅಂಕಪಟ್ಟಿಗೆ ಬೆಲೆ ಉಳಿಯಲಿ ಅಂತ.

ಕ್ಯಾಮೆರಾ ಬಂದ ಮೇಲೆ ಹೊಸ ತೊಂದರೆಯೂ ಶುರುವಾಗಿದೆ. ಮೇಲ್ವಿಚಾರಕರು ಗೊಂಬೆ ಹಾಗೆ ನಿಂತುಬಿಡುತ್ತಾರೆ. ಮಗುವಿಗೆ ತಲೆಸುತ್ತು ಬಂದರೂ ಹತ್ತಿರ ಹೋಗಲು ಹೆದರಿಕೆ, ಎಲ್ಲಿ ನೋಟಿಸ್ ಬರುತ್ತೋ ಅಂತ. ಹೋಗಿ, ನೀರು ಕೊಡಿ, ಇನ್ನೊಬ್ಬರನ್ನು ಕರೆಯಿರಿ, ಗಂಟೆ ನೋಡಿ ಒಂದು ಸಾಲು ಬರೆದಿಡಿ. ಬರೆದಿಟ್ಟರೆ ಯಾರೂ ನಿಮ್ಮನ್ನು ಏನೂ ಮಾಡುವುದಿಲ್ಲ. ಹಾಗೆಯೇ 1.15ಕ್ಕೆ ಬೆಲ್ ಆದಾಗ ಮಕ್ಕಳು ಎದ್ದು ಓಡುವ ಮೊದಲು ಉತ್ತರ ಪತ್ರಿಕೆ ಎಣಿಸಿ, ಹಾಜರಿ ಸಂಖ್ಯೆಗೆ ತಾಳೆ ನೋಡಿ, ಆಮೇಲೆ ಬಾಗಿಲು ಬಿಡಿ. ಮೊದಲು ಬಾಗಿಲು ಬಿಟ್ಟು ಆಮೇಲೆ ಎಣಿಸಿದರೆ, ಒಂದು ಕಡಿಮೆ ಬಂದಾಗ ಬಸ್ ಸ್ಟ್ಯಾಂಡಿಗೆ ಓಡಬೇಕಾಗುತ್ತದೆ.

ನನಗಿರುವ ಒಂದೇ ತಕರಾರು ಸಮಯದ್ದು. ಇದನ್ನೆಲ್ಲ ಪರೀಕ್ಷೆ ಹತ್ತಿರ ಬಂದ ಮೇಲೆ, ಅರ್ಧ ದಿನದಲ್ಲಿ, ನೂರಾರು ಜನರಿಗೆ ಒಟ್ಟಿಗೆ ಮಾಡಿ ಅಂತಾರೆ. ಆಡಿಸಿ ಕಲಿಸುವುದು ಆ ಗುಂಪಿನಲ್ಲಿ ಆಗುವುದಿಲ್ಲ. ಜನವರಿಯಲ್ಲೇ ಕ್ಲಸ್ಟರ್ ಮಟ್ಟದಲ್ಲಿ ಸಣ್ಣ ಸಣ್ಣ ಗುಂಪು ಮಾಡಿ, ನಾವೇ ಅಲ್ಲಿಗೆ ಬರುತ್ತೇವೆ ಅಂತ ಈ ಸಲವೂ ಬರೆದು ಕೊಟ್ಟಿದ್ದೇವೆ. ಕಚೇರಿಯಿಂದ ಉತ್ತರ ಇನ್ನೂ ಬಂದಿಲ್ಲ. ಬರದಿದ್ದರೂ ಡಮ್ಮಿ ಲಕೋಟೆ ಅಂಟಿಸುವ ಕೆಲಸ ಶುರು ಮಾಡಿದ್ದೇವೆ. ಈ ಸಲ 85-ಕೆ, ಅಂದರೆ ಸಮಾಜ ವಿಜ್ಞಾನವನ್ನೂ ಸೇರಿಸುವ ಯೋಚನೆ ಇದೆ, ಹಳಬರಿಗೆ 83ರ ಗುಟ್ಟು ಗೊತ್ತಾಗಿಬಿಟ್ಟಿದೆ.